ಜತ್ತದ ದಾಳಿಂಬೆ ತೋಟದಲ್ಲಿ

ವಿಜಯಪುರದಿಂದ ಜತ್ತಕ್ಕೆ ಹೋಗುವಾಗ ಗಡಿ ದಾಟಿದ್ದು ತಿಳಿಯುವುದು ಅಂಗಡಿಗಳ ಮರಾಠಿ ಫಲಕಗಳಿಂದಲೇ. ಬಸ್ಸಿನೊಳಗಿನ ಮಾತು ಮಾತ್ರ ಕನ್ನಡದಲ್ಲೇ ಮುಂದುವರಿಯುತ್ತದೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಹನಿ ನೀರಾವರಿಯ ಮೇಲೆ ಅನೇಕ ಮನೆತನಗಳನ್ನು ಎತ್ತಿ ನಿಲ್ಲಿಸಿದ್ದು ದಾಳಿಂಬೆ.

ಪರಿಚಯದ ಹಿರಿಯ ರೈತರೊಬ್ಬರ ತೋಟಕ್ಕೆ ಹೋದಾಗ ಅವರು ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿದರು. "ಸಿಟ್ಟಾಗಬ್ಯಾಡ್ರಿ, ಬ್ಯಾರೆ ತ್ವಾಟಾ ತಿರುಗಿ ಬಂದೀರೇನು?" ಇಲ್ಲವೆಂದ ಮೇಲೆಯೇ ಒಳಗೆ ಕರೆದರು. ಮೊದಲೆಲ್ಲ ದೂರದಿಂದಲೇ ಕೂಗಿ ಕರೆಯುತ್ತಿದ್ದವರು!

ಕಾರಣವನ್ನು ಮೂಲೆಯ ಗಿಡದಲ್ಲಿ ತೋರಿಸಿದರು. ಕಾಯಿಯ ಮೇಲೆ ಎಣ್ಣೆ ಹನಿ ಬಿದ್ದಂಥ ಕಪ್ಪು ಕಲೆ, ಅದರ ನಡುವೆ ಬಿರುಕು. ಮರಾಠಿಯಲ್ಲಿ ಇದಕ್ಕೆ 'ತೇಲ್ಯಾ' ಎನ್ನುತ್ತಾರೆ. ಕೃಷಿ ಪುಸ್ತಕಗಳಲ್ಲಿ ದುಂಡಾಣು ಅಂಗಮಾರಿ ರೋಗ. 1952ರಲ್ಲಿ ದೆಹಲಿಯಿಂದ ಮೊದಲು ವರದಿಯಾದ ಈ ರೋಗ 2000ದ ನಂತರ ಮಹಾರಾಷ್ಟ್ರ, ಕರ್ನಾಟಕಗಳ ತೋಟಗಳನ್ನು ಹಾಳುಗೆಡವಿತು. ಒಳಗಿನ ಕಾಳು ಚೆನ್ನಾಗಿದ್ದರೂ ಕಲೆ ಬಿದ್ದ ಹಣ್ಣಿಗೆ ಬೆಲೆಯಿಲ್ಲ.

ಮಳೆಹನಿ ಸಿಡಿದರೆ ರೋಗ ಹರಡುತ್ತದೆ. ಗಿಡ ಸವರುವ ಕತ್ತರಿಯಿಂದ, ರೋಗದ ಗಿಡದಲ್ಲಿ ಕಟ್ಟಿದ ಗೂಟಿಯಿಂದಲೂ ಹರಡುತ್ತದೆ. ಇವರಿಗೆ ಅದು ಬಂದದ್ದು ಬೀಗರು ಪ್ರೀತಿಯಿಂದ ಕೊಟ್ಟ ಗೂಟಿ ಸಸಿಗಳ ಜೊತೆ. "ಮುನ್ನೂರು ಗಿಡಾ ಕಿತ್ತು ಸುಟ್ಟೇನ್ರಿ. ಬೀಗರಿಗೆ ಇನ್ನೂ ಹೇಳಿಲ್ಲ" ಎಂದು ದನಿ ತಗ್ಗಿಸಿದರು.

ಈಗ ಅವರು ಮಳೆಗಾಲದ ಫಸಲನ್ನೇ ಬಿಟ್ಟಿದ್ದಾರೆ. ಮಳೆ ಮುಗಿಯುತ್ತಾ ಬಂದಾಗ ಗಿಡ ಸವರಿ 'ಹಸ್ತ ಬಹಾರ' ಹಿಡಿಯುತ್ತಾರೆ. ರೋಗ ಕಡಿಮೆ, ನಿಜ. ಆದರೆ ಹಣ್ಣು ಕೈಗೆ ಬರುವುದು ಬೇಸಿಗೆಯ ಹೊತ್ತಿಗೆ. ಅಲ್ಲಿಯವರೆಗೆ ಬಾವಿಯಲ್ಲಿ ನೀರು ಉಳಿಯಬೇಕಲ್ಲ? ಜತ್ತದಲ್ಲಿ ಅದೇ ದೊಡ್ಡ ಪ್ರಶ್ನೆ. ಉದುರಿದ ಎಲೆಗಳನ್ನು ಗುಡಿಸಿ ಸುಡುತ್ತಾರೆ. 100 ಲೀಟರ್ ನೀರಿಗೆ ಮೈಲುತುತ್ತ, ಸುಣ್ಣ ತಲಾ 1 ಕಿಲೋ ಸೇರಿಸಿದ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. 2005ರಲ್ಲಿ ಸೊಲ್ಲಾಪುರದಲ್ಲಿ ಆರಂಭವಾದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರದ ಸಲಹೆಯನ್ನೂ ಕೇಳುತ್ತಾರೆ. ಇಷ್ಟೆಲ್ಲಾ ಮಾಡಿದರೂ ರೋಗ ಹತೋಟಿಗೆ ಬಂದೀತು, ಬೇರುಸಹಿತ ಹೋಗದು. ಇದರ ಮೇಲೆ ಕಾಂಡದಲ್ಲಿ ಸೂಜಿಮೊನೆಯಷ್ಟು ತೂತು ಕೊರೆಯುವ ಹುಳುವಿನ ಕಾಟ ಬೇರೆ.

ಹೊರಡುವಾಗ ಚೀಲ ತುಂಬ ಹಣ್ಣು ಕೊಟ್ಟರು. ಮನೆಯ ಹಿತ್ತಲಿಗೆಂದು ನನ್ನ ಹೆಂಡತಿ ಒಂದು ಟೊಂಗೆ ಕೇಳಿದಳು. ಅವರು ಕೈ ಜೋಡಿಸಿ ನಕ್ಕರು: "ಹಣ್ಣು ಎಷ್ಟ ಬೇಕಾದ್ರೂ ಒಯ್ಯಿರಿ ತಂಗಿ, ಟೊಂಗಿ ಮಾತ್ರ ಕೇಳಬ್ಯಾಡ್ರಿ."