ಹಾಯಿದೋಣಿಗೆ ಅಮ್ಮ ಒಪ್ಪಿದ ಒಲೆ

ಸಿಯಾಟಲ್‌ನ ಶಿಲ್ಶೋಲ್ ಬೇ ಮರೀನಾದಿಂದ ಬ್ಲೇಕ್ ಐಲ್ಯಾಂಡ್‌ಗೆ ಗಾಳಿ ಚೆನ್ನಾಗಿದ್ದರೆ ಹಾಯಿದೋಣಿಯಲ್ಲಿ ಎರಡು, ಎರಡೂವರೆ ಗಂಟೆ. ಸೇತುವೆ ಇಲ್ಲ, ಕಾರು ಹೋಗಲ್ಲ. ನೀರಿನ ಮೇಲೇ ಹೋಗಬೇಕು. ಅಲ್ಲಿ ದೋಣಿ ಕಟ್ಟಿ ಕೂತರೆ ಒಂದು ಕಡೆ ಸಿಯಾಟಲ್‌ನ ಎತ್ತರದ ಕಟ್ಟಡಗಳು, ಇನ್ನೊಂದು ಕಡೆ ಹಿಮ ಹೊದ್ದ ಮೌಂಟ್ ರೇನಿಯರ್. ಇಂಥ ಜಾಗದಲ್ಲಿ ಸಂಜೆ ಬಿಸಿ ಕಾಫಿ ಬೇಕು ಅನ್ನಿಸದೆ ಇರುತ್ತಾ? ನಮ್ಮ ಕಷ್ಟ ಶುರುವಾಗಿದ್ದೇ ಆ ಕಾಫಿಯಿಂದ.

ನಾನು, ನನ್ನ ಗಂಡ ಸೇರಿ ಕೊಂಡಿದ್ದು 27 ಅಡಿಯ ಹಳೇ ಹಾಯಿದೋಣಿ, 1979ರಲ್ಲಿ ಕಟ್ಟಿದ್ದು. ದೋಣಿಯ ಅಡುಗೆಮನೆಗೆ ಗ್ಯಾಲಿ ಅಂತಾರೆ. ನಮ್ಮದರಲ್ಲಿ ಅದು ಒಂದು ಸಿಂಕ್, ಒಂದು ಮೊಳ ಕಟ್ಟೆ, ಅದರ ಮೇಲೆ ತುಕ್ಕು ಹಿಡಿದ ಒಂದು ಸ್ಟೌ, ಅಷ್ಟೇ. ಅದನ್ನು ಕಿತ್ತು, ಕ್ಯಾಂಪಿಂಗ್‌ಗೆ ಒಯ್ಯುವ ಪುಟ್ಟ ಗ್ಯಾಸ್ ಸ್ಟೌ ಇಟ್ಟುಕೊಂಡು ಮೊದಲ ಸಲ ರಾತ್ರಿ ತಂಗಲು ಹೋದೆವು. ಗಾಳಿ ಇರಲಿಲ್ಲ, ನೀರು ಕನ್ನಡಿಯ ಹಾಗಿತ್ತು. ದೂರದಲ್ಲಿ ಒಂದು ದೊಡ್ಡ ಹಡಗು ಹಾದು ಹೋಯಿತು. ಅದು ಕಣ್ಮರೆಯಾಗಿ ಎಷ್ಟೋ ನಿಮಿಷದ ಮೇಲೆ ಅದರ ಅಲೆ ನಮ್ಮನ್ನು ಮುಟ್ಟಿತು. ದೋಣಿ ಒಮ್ಮೆಲೇ ವಾಲಿತು, ಕುದಿಯೋ ನೀರು ನನ್ನ ಗಂಡನ ಪಾದದ ಮೇಲೆ ಬಿತ್ತು. ಗಾಯ ವಾಸಿಯಾಗೋಕೆ ಮೂರು ವಾರ ಹಿಡಿಯಿತು.

ಮುಂದಿನ ಬೇಸಿಗೆಗೆ ಅಮ್ಮ ಶಿವಮೊಗ್ಗದಿಂದ ಬರುವವರಿದ್ದರು. "ಆ ದೋಣೀಲಿ ನಾನೂ ಒಂದಿನ ಅಡುಗೆ ಮಾಡ್ತೀನಿ ಕಣೇ" ಅಂತ ಆಗಲೇ ಹೇಳಿಬಿಟ್ಟಿದ್ದರು. ಸರಿಯಾದ ಒಲೆ ಹುಡುಕಲೇಬೇಕಾಯಿತು. ಇಂಜಿನಿಯರ್ ಅಲ್ವಾ, ಎಕ್ಸೆಲ್ ಶೀಟ್ ತೆರೆದೆ.

ಮೊದಲು ಬರೆದಿದ್ದು ಇಂಡಕ್ಷನ್. ಬೆಂಕಿಯೇ ಇಲ್ಲ, ಚೆನ್ನ. ಆದರೆ 10 ಡಿಗ್ರಿಯ ಒಂದು ಲೀಟರ್ ನೀರು ಕುದಿಸೋಕೆ ಸುಮಾರು 105 ವಾಟ್-ಅವರ್ ಬೇಕು. ನಷ್ಟ ಸೇರಿಸಿದರೆ 130. ಅಂದರೆ 12 ವೋಲ್ಟ್ ಬ್ಯಾಟರಿಯಿಂದ 11 ಆಂಪ್-ಅವರ್. ನಮ್ಮದು 100 ಆಂಪ್-ಅವರ್‌ನ ಲೆಡ್ ಬ್ಯಾಟರಿ. ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು. ಅನ್ನ, ಸಾರು, ಎರಡು ಸಲ ಕಾಫಿ ಆಗೋಷ್ಟರಲ್ಲಿ ರಾತ್ರಿಯ ದೀಪಕ್ಕೂ ಕರೆಂಟ್ ಉಳಿಯಲ್ಲ. ಆ ಸಾಲು ಅಳಿಸಿದೆ.

ಎರಡನೆಯದು ಸೀಮೆಎಣ್ಣೆಯ ಪಂಪ್ ಸ್ಟೌ. 1892ರಲ್ಲಿ ಸ್ವೀಡನ್‌ನ ಲಿಂಡ್‌ಕ್ವಿಸ್ಟ್ ಮಾಡಿದ ಪ್ರೈಮಸ್ ಇದರ ಹಿರಿಯಜ್ಜ. 1911ರಲ್ಲಿ ಅಮುಂಡ್‌ಸನ್ ದಕ್ಷಿಣ ಧ್ರುವಕ್ಕೂ ಪ್ರೈಮಸ್ ಒಯ್ದಿದ್ದ. ಉರಿ ಜೋರು, ಎಣ್ಣೆ ಅಗ್ಗ. ಒಂದು ಸೆಕೆಂಡ್ ಹ್ಯಾಂಡ್ ಸ್ಟೌ ಸಿಕ್ಕಿತು ಅಂತ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. ಅಮ್ಮ ಮಾತಾಡಲಿಲ್ಲ. ಸೀರೆ ಸೆರಗು ಸರಿಸಿ ಎಡಗೈ ಕ್ಯಾಮೆರಾ ಮುಂದೆ ಹಿಡಿದರು. ಮೊಣಕೈ ಕೆಳಗೆ ಅಂಗೈಯಗಲದ ಸುಟ್ಟ ಕಲೆ. ಚಿಕ್ಕಂದಿನಿಂದ ನೋಡಿದ್ದೆ, ಒಂದು ದಿನವೂ ಕೇಳಿರಲಿಲ್ಲ.

"ಮದುವೆಯಾದ ಹೊಸತು. ಬರ್ನರ್ ಇನ್ನೂ ಕಾದಿರಲಿಲ್ಲ, ಅವಸರಕ್ಕೆ ಪಂಪ್ ಹೊಡೆದೆ" ಅಂದರು.

ಕಾಯದ ಬರ್ನರ್‌ನಲ್ಲಿ ಎಣ್ಣೆ ಆವಿಯಾಗಲ್ಲ, ದ್ರವವಾಗಿಯೇ ಚಿಮ್ಮಿ ಭಗ್ ಅಂತ ಹತ್ತಿಕೊಳ್ಳುತ್ತೆ. ಅಮ್ಮ ಆವತ್ತು ಹಿತ್ತಲ ಬಾಗಿಲಿಂದ ಹೊರಗೆ ಓಡಿದ್ದರಂತೆ. ದೋಣಿಯಲ್ಲಿ ಹಿತ್ತಲಿಲ್ಲ. ಸುತ್ತ ಬೇಸಿಗೆಯಲ್ಲೂ 13 ಡಿಗ್ರಿ ಆಸುಪಾಸಿನ ತಣ್ಣನೆ ನೀರು.

ಆ ರಾತ್ರಿ ಶೀಟ್‌ಗೆ ಇನ್ನೊಂದು ಕಾಲಂ ಸೇರಿಸಿದೆ: "ಕೆಟ್ಟರೆ ಏನಾಗುತ್ತೆ?" ಅಲ್ಲಿಯವರೆಗೆ ನಾನು ನೋಡಿದ್ದೆಲ್ಲ ಎಷ್ಟು ಬೇಗ ಕುದಿಯುತ್ತೆ, ಎಷ್ಟು ಖರ್ಚು ಅನ್ನೋದನ್ನಷ್ಟೇ.

ಹೊಸ ಕಾಲಂನಲ್ಲಿ ಎಡವಿದ್ದು ನಾನು ಬಹಳ ನಂಬಿದ್ದ ಎಲ್‌ಪಿಜಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಬಾಗಿಲು ತೆರೆಯೋದು ನಮ್ಮೆಲ್ಲರ ಮನೆಯ ಪಾಠ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಹೊಸ್ತಿಲು ದಾಟಿ ಹೋಗುತ್ತೆ. ದೋಣಿ ಅಂದರೆ ಒಂದು ಬೋಗುಣಿ. ನೀರು ಒಳಗೆ ಬರದ ಹಾಗೆ ಕಟ್ಟಿದ್ದು, ಗ್ಯಾಸನ್ನು ಹೊರಗೂ ಬಿಡಲ್ಲ. ಸೋರಿದ್ದೆಲ್ಲ ತಳದಲ್ಲಿ ನಿಲ್ಲುತ್ತೆ. ಆಮೇಲೆ ಪಂಪಿನ ಸ್ವಿಚ್‌ನ ಒಂದು ಕಿಡಿ ಸಾಕು. ಅದಕ್ಕೇ ಸಿಲಿಂಡರ್‌ಗೆ ಒಳಗಿನಿಂದ ಪೂರ್ತಿ ಬೇರ್ಪಟ್ಟ ಪೆಟ್ಟಿಗೆ ಬೇಕು, ಅದರ ತಳದಿಂದ ನೇರ ಹೊರಗೆ ಒಂದು ಪೈಪ್ ಇರಬೇಕು, ಒಲೆಯ ಪಕ್ಕದಿಂದಲೇ ಬಂದ್ ಮಾಡಬಹುದಾದ ವಾಲ್ವ್ ಬೇಕು. ತಿಂಗಳುಗಟ್ಟಲೆ ಸುತ್ತುವ ಬಹಳಷ್ಟು ದೋಣಿಗಳು ಇದನ್ನೆಲ್ಲ ಮಾಡಿಸಿಕೊಂಡು ಗ್ಯಾಸನ್ನೇ ಬಳಸುತ್ತವೆ. ನಮ್ಮ ದೋಣಿಯಲ್ಲಿ ಆ ಪೆಟ್ಟಿಗೆಗೆ ಜಾಗವೇ ಇಲ್ಲ.

ಕೊನೆಗೆ ಉಳಿದದ್ದು ಸ್ಪಿರಿಟ್ ಸ್ಟೌ. ಸ್ಕೂಲಿನ ಲ್ಯಾಬ್‌ನ ಸ್ಪಿರಿಟ್ ಲ್ಯಾಂಪ್ ನೆನಪಿದೆಯಾ? ಹೆಚ್ಚುಕಡಿಮೆ ಅದೇ. ಡಬ್ಬಿಯೊಳಗೆ ಸ್ಪಂಜಿನಂಥ ವಸ್ತು ಇಂಧನ ಹೀರಿಕೊಂಡಿರುತ್ತೆ. ಪಂಪ್ ಇಲ್ಲ, ಒತ್ತಡ ಇಲ್ಲ, ವಾಲಿದರೂ ಸುಲಭಕ್ಕೆ ಚೆಲ್ಲಲ್ಲ. ತೊಂದರೆಗಳೂ ಇವೆ. ಒಂದು ಕೆಜಿ ಪ್ರೊಪೇನ್‌ನಲ್ಲಿ ಸುಮಾರು 46 ಮೆಗಾಜೂಲ್ ಶಾಖ ಇದ್ದರೆ ಎಥನಾಲ್‌ನಲ್ಲಿ 27 ಮಾತ್ರ. ಹಗಲಲ್ಲಿ ಉರಿ ಕಣ್ಣಿಗೇ ಕಾಣಲ್ಲ. ಬಿಸಿ ಇರುವಾಗ ಇಂಧನ ತುಂಬಲೇಬಾರದು. ಯಾವ ಉರಿಯಾದರೂ ಮುಚ್ಚಿದ ಕ್ಯಾಬಿನ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಭಯ ಇದ್ದೇ ಇದೆ. ಹಾಗಾಗಿ ಕಿಂಡಿ ತೆರೆದಿಡೋದು, ಒಂದು ಅಲಾರಂ ಹಾಕೋದು ಕಡ್ಡಾಯ.

ಎರಡು ಬರ್ನರ್‌ನ ಒಂದು ಹಳೇ ಸ್ಪಿರಿಟ್ ಸ್ಟೌ ಕೊಂಡು, ಎರಡು ತುದಿಯಲ್ಲಿ ತೂಗುಹಾಕಿದೆವು. ದೋಣಿ ಎಡಕ್ಕೆ ಬಲಕ್ಕೆ ವಾಲಿದರೂ ಒಲೆ ತೊಟ್ಟಿಲಿನ ಹಾಗೆ ತೂಗಿ ಮಟ್ಟವಾಗಿಯೇ ಇರುತ್ತೆ. ಇದಕ್ಕೆ ಗಿಂಬಲ್ ಅಂತಾರೆ. ಪಾತ್ರೆ ಜಾರದ ಹಾಗೆ ಸುತ್ತ ಕಂಬಿ, ಹಿಡಿದುಕೊಳ್ಳೋಕೆ ಕ್ಲಾಂಪ್. ನಮ್ಮ ಕುಕ್ಕರ್ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬಂತು. ಮುಚ್ಚಳ ಲಾಕ್ ಆಗಿರೋದರಿಂದ ಚೆಲ್ಲಲ್ಲ, ಇಂಧನವೂ ಉಳಿಯುತ್ತೆ.

ಜುಲೈನಲ್ಲಿ ಅಮ್ಮ ಬಂದರು. ಬ್ಲೇಕ್ ಐಲ್ಯಾಂಡ್‌ನಲ್ಲಿ ದೋಣಿ ಕಟ್ಟಿ ಕಾಫಿಗೆ ನೀರಿಟ್ಟೆವು.

"ಇದೇನೇ, ಹತ್ತು ನಿಮಿಷ ಆಯ್ತು, ಇನ್ನೂ ಕುದ್ದಿಲ್ಲ!"

ಅಷ್ಟರಲ್ಲಿ ಯಾವುದೋ ಹಡಗಿನ ಅಲೆ ಬಂತು. ಕಪಾಟಿನೊಳಗೆ ತಟ್ಟೆಗಳು ಗಲಗಲ ಅಂದವು, ಅಮ್ಮ ನನ್ನ ಭುಜ ಹಿಡಿದುಕೊಂಡರು. ಒಲೆ ನಾಲ್ಕೈದು ಸಲ ತೂಗಿತು. ಪಾತ್ರೆಯ ನೀರು ಅಂಚು ದಾಟಲಿಲ್ಲ. ಅಮ್ಮ ಅದನ್ನೇ ನೋಡುತ್ತಾ ಕೂತಿದ್ದರು. ಕಾಫಿ ಆದಮೇಲೆ ತಾವೇ ಒಲೆ ಆರಿಸಿದರು. ಆಮೇಲೆ ಎಡಗೈಯನ್ನು ಬರ್ನರ್‌ಗಿಂತ ಒಂದು ಗೇಣು ಮೇಲೆ, ಹುಷಾರಾಗಿ ಹಿಡಿದು ನೋಡಿದರು.

"ಉರಿ ಕಾಣಲ್ಲ ಅಂದ್ಯಲ್ಲ, ಅದಕ್ಕೆ" ಅಂದರು.