ಎರಡು ತೂತುಗಳು

ಅಜ್ಜನ ಮನೆಯ ನಾಯಿ ಕರಿಯ ಒಂದು ಮಳೆಗಾಲದ ರಾತ್ರಿ ಕಾಣೆಯಾಯ್ತು. ಪಕ್ಕದ ಮನೆಯವರ ಜೊತೆ ಬೇಲಿ ವಿಷಯಕ್ಕೆ ಮೊದಲೇ ಮನಸ್ತಾಪ ಇತ್ತಲ್ಲ, ಅವರೇ ವಿಷ ಹಾಕಿದ್ದು ಅಂತ ಅಜ್ಜ ಹೋಗಿ ಜಗಳ ಮಾಡಿ ಬಂದ. ಹದಿನೈದು ದಿನ ಬಿಟ್ಟು ಸೊಪ್ಪು ತರಲು ಗುಡ್ಡಕ್ಕೆ ಹೋದವರಿಗೆ ಒಂದು ಮರದ ಬುಡದಲ್ಲಿ ನಾಲ್ಕಾರು ಮೂಳೆ, ಕರಿಯನ ಚರ್ಮದ ಬೆಲ್ಟು ಸಿಕ್ಕಿದವು. ಬೆಲ್ಟಿನಲ್ಲಿ ಹಲ್ಲು ಇಳಿದ ತೂತು. ಚಿರತೆ! ಅಜ್ಜ ಬೆಲ್ಟನ್ನು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ. ಪಕ್ಕದ ಮನೆಗೆ ಮಾತ್ರ ಹೋಗಲಿಲ್ಲ.

ಇದೆಲ್ಲ ಮೊನ್ನೆ ನೆನಪಾಗಿದ್ದು ದಕ್ಷಿಣ ಆಫ್ರಿಕಾದ ಗುಹೆಗಳ ಬಗ್ಗೆ ಓದುವಾಗ. ಅಲ್ಲಿ ರೇಮಂಡ್ ಡಾರ್ಟ್ ಎಂಬ ವಿಜ್ಞಾನಿಗೆ ಮಕಪನ್ಸ್‌ಗಾಟ್ ಗುಹೆಯಲ್ಲಿ ರಾಶಿ ರಾಶಿ ಮುರಿದ ಮೂಳೆಗಳು ಸಿಕ್ಕಿದ್ದವು. ನಮ್ಮ ಪೂರ್ವಜರು ಮೂಳೆಗಳನ್ನೇ ಆಯುಧ ಮಾಡಿಕೊಂಡು ಪ್ರಾಣಿಗಳನ್ನೂ ತಮ್ಮವರನ್ನೂ ಕೊಂದರು ಅಂತ 1950ರ ದಶಕದಲ್ಲಿ ಅವರ ವಾದ. ಕಾಲೇಜಿನಲ್ಲಿ ಇದನ್ನೋದಿ ನಾನೂ ಪೂರ್ತಿ ನಂಬಿಬಿಟ್ಟಿದ್ದೆ. ಪೇಪರಿನಲ್ಲಿ ಗಲಭೆ, ಕೊಲೆ ಸುದ್ದಿ ಕಂಡಾಗೆಲ್ಲ "ಅದು ನಮ್ಮ ರಕ್ತದಲ್ಲೇ ಇದೆ ಬಿಡ್ರಿ" ಅಂತ ದೊಡ್ಡದಾಗಿ ಹೇಳುತ್ತಿದ್ದೆ.

ಬಾಬ್ ಬ್ರೇನ್ (ಹೆಸರು ನಿಜವಾಗಿಯೂ ಹಾಗೇ ಇದೆ ಮಾರಾಯ್ರೆ) ಇದನ್ನು ಸುಲಭಕ್ಕೆ ಒಪ್ಪಲಿಲ್ಲ. ಸ್ವಾರ್ಟ್‌ಕ್ರಾನ್ಸ್ ಗುಹೆಯಲ್ಲಿ ಸಿಕ್ಕ, ಹದಿನೈದು ಲಕ್ಷ ವರ್ಷಕ್ಕೂ ಹಳೆಯದಾದ ಒಂದು ಎಳೆಯ ವಾನರಮಾನವನ ತಲೆಬುರುಡೆಯ ಹಿಂಭಾಗದಲ್ಲಿ ಎರಡು ತೂತುಗಳಿದ್ದವು. ಅದೇ ಗುಹೆಯಲ್ಲಿ ಸಿಕ್ಕ ಚಿರತೆಯ ಕೆಳದವಡೆಯ ಕೋರೆಹಲ್ಲುಗಳನ್ನು ಇಟ್ಟು ನೋಡಿದರೆ ಸರಿಯಾಗಿ ಕೂತವು! 1970ರಲ್ಲಿ ಇದನ್ನು ಪ್ರಕಟಿಸಿದರು.

ನನಗೆ ತುಂಬಾ ಹಿಡಿಸಿದ್ದು ಆ ತೂತುಗಳ ಹಿಂದೆ ಅವರು ಕಂಡ ಕಾಡು. ಅಲ್ಲ, ಕಾಡಲ್ಲ, ಹುಲ್ಲುಗಾವಲು. ಬಯಲಿನಲ್ಲಿ ಮರಗಳೇ ಕಡಿಮೆ. ತೇವ, ಆಸರೆ ಇರುವ ಗುಹೆಯ ಬಾಯಲ್ಲಿ ಮಾತ್ರ ನಾಲ್ಕು ಮರ. ಕತ್ತೆಕಿರುಬ ಕಿತ್ತುಕೊಳ್ಳುತ್ತೆ ಅಂತ ಚಿರತೆ ಬೇಟೆಯನ್ನು ಮರಕ್ಕೆ ಏರಿಸುತ್ತೆ, ತಿಂದು ಬಿಟ್ಟ ಮೂಳೆ ಕೆಳಗಿನ ಗುಹೆಯೊಳಗೆ ಬೀಳುತ್ತೆ. ಆಮೇಲೆ ಮುಳ್ಳುಹಂದಿಗಳು ಬಂದು ಉಳಿ ಹೊಡೆದ ಹಾಗೆ ಸಾಲು ಸಾಲಾಗಿ ಕೆರೆದು ಹೋಗುತ್ತವೆ. ಆ ಗುರುತೂ ಬೇರೆ, ಕಲ್ಲಿನ ಚೂರಿಯ ಸಣ್ಣ ಗೀರೂ ಬೇರೆ. ಯಾರು ಯಾರನ್ನು ತಿಂದರು, ಯಾರು ಉಳಿಕೆಗೆ ಕಾದರು, ಎಲ್ಲ ಮೂಳೆಯ ಮೇಲೇ ಇದೆ.

ಹಾಗಾದರೆ ಡಾರ್ಟ್‌ಗೆ ಸಿಕ್ಕ ಆಯುಧಗಳು? ಬ್ರೇನ್ ನಮೀಬ್ ಮರುಭೂಮಿಯ ಹಳ್ಳಿಗಳಲ್ಲಿ ಜನ ತಿಂದು, ನಾಯಿಗಳು ಕಡಿದು ಬಿಟ್ಟ ಆಡಿನ ಮೂಳೆಗಳನ್ನು ಆರಿಸಿ ಎಣಿಸಿದರು. ಉಳಿದಿದ್ದು ಹೆಚ್ಚುಕಮ್ಮಿ ಅದೇ ಲೆಕ್ಕದ, ಅದೇ ಥರದ ಗಟ್ಟಿ ತುಂಡುಗಳು! ಡಾರ್ಟ್ 1924ರಲ್ಲಿ ಗುರುತಿಸಿದ ಟಾಂಗ್ ಮಗುವಿನ ಕಣ್ಣಗೂಡಿನಲ್ಲೂ ಹದ್ದಿನ ಉಗುರು-ಕೊಕ್ಕಿನಂಥ ಗುರುತುಗಳಿವೆ ಎಂದು ಲೀ ಬರ್ಗರ್ 2006ರಲ್ಲಿ ತೋರಿಸಿದರು. ಕೊಲೆಗಾರರು ಅಂದುಕೊಂಡವರು ರಾತ್ರಿಯಿಡೀ ಹೆದರಿ ಮುದುಡಿ ಕೂತ ಪ್ರಾಣಿಗಳು.

ಗಲಭೆ ಸುದ್ದಿ ಈಗಲೂ ಓದುತ್ತೇನೆ. ಹಳೆಯ ಡೈಲಾಗು ಮಾತ್ರ ಬಾಯಿಗೆ ಬರುತ್ತಿಲ್ಲ.

ಊರಿಗೆ ಫೋನ್ ಮಾಡಿದಾಗ ಆ ಬೆಲ್ಟು ಎಲ್ಲಿದೆ ಅಂತ ಕೇಳಿದೆ. ಅಜ್ಜ ತೀರಿಕೊಂಡ ವರ್ಷವೇ ಯಾರೋ ಎಸೆದರಂತೆ. ಬೇಲಿ ಇನ್ನೂ ಇದೆಯಂತೆ.