ತೋಟಾ ಮುಗಿದ ಮೇಲೆ

ನಮ್ಮ ಮಲೆನಾಡಿನ ಕೇಪಿನ ಕೋವಿಗೆ ಮದ್ದು, ಚರೆ ಎಲ್ಲ ನಳಿಗೆಯ ಬಾಯಿಂದಲೇ ಹಾಕಿ ಸರಳಿನಿಂದ ಜಡೀಬೇಕು. ಓಡೋ ಕುದುರೆ ಮೇಲೆ ಇದು ಆಗೋ ಮಾತಾ? 1861ರಲ್ಲಿ ಶುರುವಾದ ಅಮೆರಿಕದ ಅಂತರ್ಯುದ್ಧದಲ್ಲಿ ಸವಾರರು ಹಿಂದಿನಿಂದ ತುಂಬುವ ಗಿಡ್ಡ ಕೋವಿ, ಅಂದ್ರೆ ಕಾರ್ಬೈನ್, ಹಿಡಿದಿದ್ದು ಅದಕ್ಕೇ.

ಶಾರ್ಪ್ಸ್ ಕಾರ್ಬೈನಿಗೆ ಬಟ್ಟೆ ಇಲ್ಲವೇ ಕಾಗದದ ತೋಟಾ. ಮುಚ್ಚುವಾಗ ಉಕ್ಕಿನ ಬ್ಲಾಕ್ ಮೇಲೇರುತ್ತಾ ತೋಟಾದ ಬಾಲ ಕತ್ತರಿಸುತ್ತೆ. ಬಯಲಾದ ಮದ್ದಿಗೆ ಕೇಪಿನ ಕಿಡಿ ತಾಗುತ್ತೆ. ಆದರೆ ಸಂದಿನಿಂದ ಬೆಂಕಿ ಸೋರೋದು. ಬರ್ನ್‌ಸೈಡ್‌ನ ಹಿತ್ತಾಳೆ ತೋಟಾ ಆ ಸಂದು ಮುಚ್ಚಿತು. ಕಿಡಿಗೆಂದು ತಳದಲ್ಲೊಂದು ತೂತು. ಆ ತೋಟಾ ಮುಗಿದರೆ ಮಾತ್ರ ಕೋವಿ ಬರೀ ದೊಣ್ಣೆ! ಶಾರ್ಪ್ಸ್‌ಗಾದರೆ ಬಿಡಿ ಮದ್ದು, ಗುಂಡು ಹಾಕಿಯೂ ಹೊಡೀಬಹುದಿತ್ತು.

ಕೋಡಿಗೆ ಬೇರೆಯವರ ಲೈಬ್ರರಿ ಸೇರಿಸೋವಾಗೆಲ್ಲ ಕೇಳಿಕೊಳ್ತೀನಿ: ನಾಳೆ ಇದು ನಿಂತರೆ ನನ್ನ ಕೈಲಿರೋದು ಕೋವಿಯಾ, ದೊಣ್ಣೆಯಾ?